ಪ್ರಮಾಣಪತ್ರವಲ್ಲ, ಕೈಗೆ ಬಂದ ಕೆಲಸವೇ ಅಳತೆಗೋಲು

ವೃತ್ತಿಶಿಕ್ಷಣ ರಾಜ್ಯಕ್ಕೆ ಹೊಸತಲ್ಲ. ಪದವಿಪೂರ್ವ ಹಂತದಲ್ಲಿ ಜೆಒಸಿ ಕೋರ್ಸುಗಳು 1977-78ರಲ್ಲೇ ಆರಂಭವಾಗಿದ್ದವು. ಪ್ಲಸ್ ಟು ಹಂತದ ಶೇ 25ರಷ್ಟು ವಿದ್ಯಾರ್ಥಿಗಳನ್ನು 1995ರೊಳಗೆ ವೃತ್ತಿಶಿಕ್ಷಣಕ್ಕೆ ತರುವ ಗುರಿಯನ್ನು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹಾಕಿಕೊಂಡಿತ್ತು. ಗುರಿ ಈಡೇರಲಿಲ್ಲ; ಜೆಒಸಿಯೂ ಮುಂದೆ ಸ್ಥಗಿತಗೊಂಡಿತು. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು (ಎನ್‌ಎಸ್‌ಕ್ಯೂಎಫ್) 2013ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಬಳಿಕ ಆಯ್ದ ಪ್ರೌಢಶಾಲೆಗಳಲ್ಲಿ ಆಟೊಮೊಬೈಲ್, ರಿಟೇಲ್, ಮಾಹಿತಿ ತಂತ್ರಜ್ಞಾನದಂತಹ ವಿಷಯಗಳು ಬಂದವು. ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಬದಲು ಇವನ್ನು ಆಯ್ದುಕೊಳ್ಳಬಹುದು.

ತರಗತಿಯ ಪಾಠಕ್ಕೆ ಪರೀಕ್ಷೆಯಿದೆ. ಕಾರ್ಯಸ್ಥಳದ ತರಬೇತಿ, ಅಂದರೆ ಇಂಟರ್ನ್‌ಶಿಪ್, ಫಲ ಕೊಟ್ಟಿತೇ ಎಂದು ಅಳೆಯುವುದು ಹೇಗೆ?

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನೇ ನೋಡಿ. ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಹತ್ತಿ, ಗೋವಿನಜೋಳ: ಇದು ಕೃಷಿಯನ್ನೇ ನಂಬಿದ ಸೀಮೆ. ಇಲ್ಲಿ ಕಾರ್ಯಸ್ಥಳವೆಂದರೆ ಶಿಗ್ಗಾವಿಯ ಹೆದ್ದಾರಿ ಬದಿಯ ಗ್ಯಾರೇಜು, ಪೇಟೆಯ ಅಂಗಡಿ, ತಾಲ್ಲೂಕು ಆಸ್ಪತ್ರೆ, ಎಪಿಎಂಸಿ ಪ್ರಾಂಗಣ. ಬೆಂಗಳೂರಿನ ಕಂಪನಿಗಳಿಗೆಂದು ರೂಪಿಸಿದ ನಮೂನೆ ಇಲ್ಲಿ ಹೊಂದದು.

ಆದ್ದರಿಂದ ಮೌಲ್ಯಮಾಪನ ಕೆಲವು ಸರಳ ಪ್ರಶ್ನೆಗಳಿಂದ ತೊಡಗಬೇಕು. ತರಬೇತಿಗೆ ಮುನ್ನ ಬಾರದಿದ್ದ ಯಾವ ಕೆಲಸವನ್ನು ವಿದ್ಯಾರ್ಥಿ ಈಗ ಯಾರ ನೆರವೂ ಇಲ್ಲದೆ ಮಾಡಬಲ್ಲ? ಬ್ರೇಕ್ ಬಿಗಿಗೊಳಿಸುವುದು, ದಾಸ್ತಾನು ಲೆಕ್ಕ ಬರೆಯುವುದು ಇಂಥವನ್ನು ಎದುರಿಗೇ ಮಾಡಿಸಿ ನೋಡಬೇಕು. ಅಲ್ಲಿ ಕಲಿಸಿದವರು ಯಾರು, ಅಥವಾ ದಿನವೆಲ್ಲ ಚಹಾ ತರುವುದರಲ್ಲೇ ಕಳೆಯಿತೇ? ನಡುವೆ ಬಿಟ್ಟವರೆಷ್ಟು ಮಂದಿ? ಬಸ್ಸಿನ ಹೊತ್ತು ಹೊಂದದೆ ಹೆಣ್ಣುಮಕ್ಕಳು ಹಿಂದೆ ಸರಿದಿದ್ದರೆ ದೋಷ ಯೋಜನೆಯದೇ ಹೊರತು ಅವರದಲ್ಲ. ಒಂದು ವರ್ಷದ ನಂತರ ಅವರು ಎಲ್ಲಿದ್ದಾರೆ, ತರಬೇತಿಗೆ ಹೋಗದ ಸಹಪಾಠಿಗಳು ಎಲ್ಲಿದ್ದಾರೆ ಎಂಬ ಹೋಲಿಕೆಯೂ ಬೇಕು.

ಲೆಕ್ಕದಲ್ಲೂ ಎಚ್ಚರ ಅಗತ್ಯ. ಒಂದು ಶಾಲೆಯಿಂದ ಹತ್ತು ಮಕ್ಕಳು ಹೋದರೆ ಇಬ್ಬರ ಏರುಪೇರಿನಿಂದಲೇ ಫಲಿತಾಂಶ ಶೇ 20ರಷ್ಟು ಬದಲಾಗುತ್ತದೆ. ನಾಲ್ಕೂ ತಾಲ್ಲೂಕುಗಳನ್ನು ಒಟ್ಟಿಗೆ, ಎರಡು ಮೂರು ವರ್ಷ ಗಮನಿಸಿದರಷ್ಟೇ ನಂಬಬಹುದಾದ ಚಿತ್ರ ದೊರೆಯುತ್ತದೆ.

ಇಷ್ಟು ಕಾಳಜಿ ಏಕೆ? 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಸೇರಿದವರಿಗೆ ಲಿಖಿತ ಒಪ್ಪಂದವಿದೆ, ಶಿಷ್ಯವೇತನವಿದೆ. ಪ್ಲಸ್ ಟು ವೃತ್ತಿಶಿಕ್ಷಣ ಮುಗಿಸಿದವರನ್ನು 1986ರ ತಿದ್ದುಪಡಿ ಅದರ ವ್ಯಾಪ್ತಿಗೆ ತಂದಿತು. ಪ್ರೌಢಶಾಲೆಯ ಕಿರು ತರಬೇತಿ ಆ ಬಗೆಯದಲ್ಲ. ಇನ್ನು 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನು 2016ರ ಬಾಲಕಾರ್ಮಿಕ ಕಾಯ್ದೆ ತಿದ್ದುಪಡಿ ನಿಷೇಧಿಸಿದೆ. ಅದರ ಪಾಲನೆಯೂ ಮೌಲ್ಯಮಾಪನದ ಭಾಗವಾಗಬೇಕು.

ಗ್ಯಾರೇಜಿನಲ್ಲಿ ನಿಂತ ಒಂಬತ್ತನೇ ತರಗತಿಯ ಹುಡುಗನಿಗೆ ಕಲಿಕೆಯೊಂದೇ ಕೂಲಿ. ಅದು ದಕ್ಕದಿದ್ದರೆ ಉಳಿಯುವುದು ಬಿಟ್ಟಿ ದುಡಿಮೆ ಮಾತ್ರ. ಹಾಜರಿ ಪಟ್ಟಿಯಾಗಲಿ ಪ್ರಮಾಣಪತ್ರವಾಗಲಿ ಈ ವ್ಯತ್ಯಾಸವನ್ನು ಹೇಳಲಾರವು.