ನಿಮಗಿದು ಗೊತ್ತೆ? ಮಳೆಕಾಡು ಕುಗ್ಗಿದಾಗ ಮನುಷ್ಯರು ಎಲ್ಲಿದ್ದರು?

ಸುಮಾರು 3500 ವರ್ಷಗಳ ಹಿಂದೆ ಪಶ್ಚಿಮ ಘಟ್ಟದ ಮಳೆಕಾಡು ಕುಗ್ಗಿತು. ಇದಕ್ಕೆ ಸಾಕ್ಷಿ ಸಿಕ್ಕಿದ್ದು ಕಾರವಾರದಾಚೆಯ ಕಡಲತಳದಲ್ಲಿ. ನದಿಗಳು ಹೊತ್ತು ತಂದ ಪರಾಗ ಅಲ್ಲಿನ ಕೆಸರಿನಲ್ಲಿ ಪದರ ಪದರವಾಗಿ ಉಳಿದಿದೆ. ಮೇಲಿನ ಪದರಗಳಿಗೆ ಬಂದಂತೆ ಕಾಡುಮರಗಳ ಪರಾಗ ಇಳಿಯುತ್ತದೆ, ಹುಲ್ಲುಗಾವಲಿನದು ಏರುತ್ತದೆ. 1994ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಮಳೆ ಕಡಿಮೆಯಾದುದರ ಗುರುತೆಂದು ಓದಿತು.

ದಖ್ಖನ್ನಿನಲ್ಲೂ ಹವೆ ಒಣಗುತ್ತಿತ್ತು. ಗೋದಾವರಿ ಸಮುದ್ರ ಸೇರುವ ಕಡೆಯ ಕೆಸರಿನ ಪ್ರಕಾರ, 4000 ವರ್ಷಗಳಿಂದೀಚೆಗೆ ಬರ ತಾಳುವ ಸಸ್ಯಗಳು ಹೆಚ್ಚಿದವು. ಆಳಂದ, ಅಫಜಲಪುರ, ಜೇವರ್ಗಿಗಳಿರುವ ಭೀಮಾ ಸೀಮೆ ಮಳೆನೆರಳಿನ ನಾಡು. ಆ ಕಾಲಕ್ಕೆ ಇಲ್ಲಿ ಘಟ್ಟದಂಥ ದಟ್ಟಡವಿ ಇರಲಿಲ್ಲ. ಹುಲ್ಲು ಹರಡಿದ ಇಂಥ ಬಯಲೇ ದನಗಾಹಿಗಳಿಗೆ ಒಗ್ಗಿತು. ದಕ್ಷಿಣಕ್ಕೆ ಸುರಪುರ ಸೀಮೆಯ ಬೂದಿಹಾಳ, ಕೊಡೇಕಲ್ಲುಗಳಲ್ಲಿ ಅವರು ಸಗಣಿ ರಾಶಿಗಳನ್ನು ಸುಟ್ಟಾಗ ಉಳಿದ ಬೂದಿದಿಬ್ಬಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಬೂದಿಹಾಳವನ್ನು ಅಗೆದಾಗ ದೊಡ್ಡಿಯ ಜತೆಗೆ ವಸತಿಯ ಕುರುಹು, ದನ ಕಡಿಯುತ್ತಿದ್ದ ಜಾಗವೂ ಕಂಡವು. ಕರ್ನಾಟಕದ ಪ್ರಾಚೀನ ಬದುಕನ್ನು ಇಷ್ಟು ಹತ್ತಿರದಿಂದ ತೋರಿಸುವ ನೆಲೆಗಳು ವಿರಳ.

ಮಳೆಕಾಡು ಕುಗ್ಗಿದ ಇನ್ನೊಂದು ಕಡೆ ಆಫ್ರಿಕ; ಅಲ್ಲಿನ ಕಥೆ ಇನ್ನೂ ಜಟಿಲ. ಸುಮಾರು 3000 ವರ್ಷಗಳ ಹಿಂದೆ ಕಾಂಗೋ ಸೀಮೆಯ ಮಳೆಕಾಡು ಕೆಲವೆಡೆ ಹುಲ್ಲುಗಾಡಾಯಿತು. ಬಂಟು ಭಾಷೆಗಳ ರೈತರು ಆ ಹೊತ್ತಿಗೆ ಅಲ್ಲಿ ಹರಡುತ್ತಿದ್ದರು. ಕಾಂಗೋ ನದಿಯ ಮುಖದಾಚೆಯ ಕೆಸರನ್ನು ಪರೀಕ್ಷಿಸಿದ ವಿಜ್ಞಾನಿಗಳು, ಕಾಡು ಕಡಿದ ಈ ರೈತರದೂ ಅದರಲ್ಲಿ ಪಾಲಿದೆ ಎಂದು 2012ರಲ್ಲಿ ವಾದಿಸಿದರು. ಮಳೆಯ ಕೊರತೆಯೇ ಮೊದಲು ಕಾಡನ್ನು ತೆಳುವಾಗಿಸಿತು, ವಲಸೆಗೆ ದಾರಿಯಾದದ್ದು ಆಮೇಲೆ ಎಂಬುದು ಇತರರ ನಿಲುವು.