ಚಳ್ಳಕೆರೆಯಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಮೊಳಕಾಲ್ಮುರಿನ ಮಗ್ಗದ ಮನೆಯಿಂದ ಒಂದು ಎಳೆ ರೇಷ್ಮೆ, ಶಾಲೆಯಿಂದ ಒಂದು ಗ್ಲೋಬು. ವಿಮಾನ ಹಾರುವ ದೂರ ಅಳೆಯಲು ಇಷ್ಟು ಸಾಕು. ಎಳೆಯ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಬಿಗಿಯಾಗಿ ಎಳೆಯಿರಿ. ಗೋಡೆಯ ಭೂಪಟ ನೋಡಿದವರು ಪೆಸಿಫಿಕ್ ಸಾಗರವನ್ನು ಅಡ್ಡಡ್ಡ ದಾಟಬೇಕೆಂದುಕೊಳ್ಳುತ್ತಾರೆ. ಎಳೆ ಮಾತ್ರ ಮೇಲಕ್ಕೆ ಜಾರಿ ಉತ್ತರ ಧ್ರುವದ ಕಡೆಗೆ ಬಾಗುತ್ತದೆ. ಉಂಡೆಯ ಮೇಲೆ ಅದೇ ಹತ್ತಿರದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಹಾರಿ ಬಂದದ್ದೂ ಧ್ರುವದ ಮೇಲಿನಿಂದಲೇ.

ಅಷ್ಟೇ ಉದ್ದದ ಎಳೆಯನ್ನು ಈಗ ಸಮಭಾಜಕದ ಮೇಲೆ ಹಾಸಿ ಡಿಗ್ರಿ ಎಣಿಸಿ. ಸುಮಾರು 126 ಬರುತ್ತದೆ. ಒಂದು ಡಿಗ್ರಿಗೆ 111 ಕಿ.ಮೀ., ಅಂದರೆ ಹೆಚ್ಚುಕಡಿಮೆ 14,000 ಕಿ.ಮೀ. ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ಮನೆಹತ್ತಿರವೇ ಪರೀಕ್ಷಿಸಬಹುದು: ಚಳ್ಳಕೆರೆ 14.3 ಡಿಗ್ರಿ ಅಕ್ಷಾಂಶದಲ್ಲಿದೆ, ಮೊಳಕಾಲ್ಮುರು 14.7ರಲ್ಲಿ. ಉತ್ತರಕ್ಕೆ 44 ಕಿ.ಮೀ. ಆಯಿತು. ರಸ್ತೆ ಸುತ್ತುವುದರಿಂದ ಬಸ್ಸಿಗೆ ಇನ್ನಷ್ಟು.

ಸಮಯಕ್ಕೆ ನಾನು ಬಳಸುವುದು ಒರಟು ಸೂತ್ರ: ದೂರವನ್ನು 850ರಿಂದ ಭಾಗಿಸಿ, ಏರಿಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿ. ಸ್ಯಾನ್ ಫ್ರಾನ್ಸಿಸ್ಕೊಗೆ 17 ಗಂಟೆ. 2,700 ಕಿ.ಮೀ. ದೂರದ ದುಬೈಗೆ ಮೂರೂಮುಕ್ಕಾಲು. ಆದರೆ ಮೇಲೆ, ಹತ್ತು ಕಿ.ಮೀ. ಎತ್ತರದಲ್ಲಿ, ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದೇ ಹೆಚ್ಚು. ಹಾಗಾಗಿ ದುಬೈಗೆ ಹೋಗುವಾಗ ಕೊಂಚ ತಡ, ಬರುವಾಗ ಬೇಗ.

ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಟಿಕೆಟ್ಟಿನ ಮೇಲಿರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಡುವ ನೇರ ವಿಮಾನವಿದ್ದರೆ ಅದು ಅಲ್ಲಿ ಅದೇ ದಿನ ಸಂಜೆ 5.30ಕ್ಕೆ ಇಳಿಯುತ್ತದೆ. ಮೂರೂವರೆ ಗಂಟೆಯಲ್ಲಿ ಅಮೆರಿಕ! ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಕ್ಕೆ ತಿರುಗಿಸುವುದರಿಂದ ಅಂತರ ಒಂದು ಗಂಟೆ ತಗ್ಗುತ್ತದೆ.

ಇನ್ನು ವಿಮಾನ ಹತ್ತುವ ತನಕದ ಹೊತ್ತು. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಡಿಆರ್‌ಡಿಒದ ರನ್‌ವೇ ಇದೆ ನಿಜ. 2024ರ ಜೂನ್‌ನಲ್ಲಿ ಇಸ್ರೋದ ಮರುಬಳಕೆ ಉಡಾವಣಾ ವಾಹನ 'ಪುಷ್ಪಕ್' ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ಅಲ್ಲಿ ಇಳಿದಿತ್ತು. ಆದರೆ ನಮಗೆ ಅಲ್ಲಿ ಟಿಕೆಟ್ ಸಿಗುವುದಿಲ್ಲ. ಹಿರಿಯೂರು ದಾಟಿ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿ ಮುಟ್ಟಲು ನಾಲ್ಕು ಗಂಟೆ, ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ಏಳು ಗಂಟೆ ನೆಲದ ಮೇಲೆಯೇ ಹೋಯಿತು.

ವಾಪಸು ಬರುವವರ ಟಿಕೆಟ್ಟಿನಲ್ಲಿ ತಾರೀಖನ್ನು ಎರಡು ಸಲ ನೋಡಿ. ಚಳಿಗಾಲದಲ್ಲಿ ಶನಿವಾರ ರಾತ್ರಿ 9ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೇರ ವಿಮಾನ ಹತ್ತಿದವರು ಬೆಂಗಳೂರಿನಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವ 3.30ಕ್ಕೆ. ಕರೆತರುವ ಕಾರು ಚಳ್ಳಕೆರೆ ಬಿಡಬೇಕಾದದ್ದು ಭಾನುವಾರ ರಾತ್ರಿ ಹನ್ನೊಂದೂವರೆಗೆ.