ಗೋಲಿ ನಿಂತಲ್ಲಿ ಗುರುತು ಹಾಕಿ

ಕಾರ್ಡ್ ಶೀಟಿನ ಗೋಪುರ, ಅದನ್ನು ಸುತ್ತಿ ಸುತ್ತಿ ಇಳಿಯುವ ಕಾಗದದ ದಾರಿ, ತುದಿಯಲ್ಲಿ ಒಂದು ಗಾಜಿನ ಗೋಲಿ. ತಡೆದಿದ್ದ ಬೆರಳು ತೆಗೆದೊಡನೆ ಗೋಲಿ ಹೊರಡುತ್ತದೆ. ಮೊದಲ ಇಳಿಜಾರನ್ನು ಸಲೀಸಾಗಿ ದಾಟುತ್ತದೆ. ಎರಡನೆಯ ತಿರುವಿನಲ್ಲಿ ಗೋಡೆಗೆ ಉಜ್ಜಿಕೊಂಡು ಹೋಗುತ್ತದೆ. ಮುಂದಿನ ಏರನ್ನು ಅರ್ಧ ಹತ್ತಿ, ಕ್ಷಣಕಾಲ ತಡೆದು, ಹಿಂದಕ್ಕೆ ಉರುಳಿ ತಗ್ಗಿನಲ್ಲಿ ನಿಂತುಬಿಡುತ್ತದೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಇದನ್ನು ಕಟ್ಟುವ ಮಕ್ಕಳಿಗೆ ಆಗ ಕೈ ತಡೆಯುವುದಿಲ್ಲ, ಗೋಲಿಯನ್ನು ಬೆರಳಿನಿಂದ ಮುಂದಕ್ಕೆ ನೂಕಿಬಿಡುತ್ತಾರೆ.

ಆ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ನೂಕಬೇಡಿ. ಪೆನ್ಸಿಲ್ ಹಿಡಿದು, ಗೋಲಿ ಎಷ್ಟು ಎತ್ತರಕ್ಕೆ ಏರಿ ನಿಂತಿತೋ ಅಲ್ಲೊಂದು ಗುರುತು ಹಾಕಿ. ನಿಮ್ಮ ಪ್ರಾಜೆಕ್ಟಿನಲ್ಲಿರುವ ಭೌತವಿಜ್ಞಾನವೆಲ್ಲ ಆ ಒಂದು ಗೆರೆಯಿಂದ ಶುರುವಾಗುತ್ತದೆ.

ಈ ಗೋಪುರ ಕಾಗದದ ರೋಲರ್ ಕೋಸ್ಟರ್. ದೊಡ್ಡ ರೋಲರ್ ಕೋಸ್ಟರ್ ಹತ್ತಬೇಕೆಂದರೆ ಗದಗ ಜಿಲ್ಲೆಯ ಮಕ್ಕಳು ಬೆಂಗಳೂರಿನ ವಂಡರ್‌ಲಾದಂಥ ಕಡೆಗೆ ಹೋಗಬೇಕು. ಆದರೆ ಅದನ್ನು ಓಡಿಸುವ ನಿಯಮಗಳು ರೋಣ, ನರಗುಂದ, ಗಜೇಂದ್ರಗಡದ ನೆಲದಲ್ಲಿಯೇ ಕಾಣಸಿಗುತ್ತವೆ. ಗಜೇಂದ್ರಗಡದ ಗುಡ್ಡದ ಮೆಟ್ಟಿಲು, ರೋಣದ ಎರೆಹೊಲದ ಚಕ್ಕಡಿ, ನರಗುಂದದ ಕಾಲುವೆ, ಈ ಮೂರನ್ನೂ ಬಲ್ಲ ಮಗುವಿಗೆ ಕಾಗದದ ಕೋಸ್ಟರು ಅಪರಿಚಿತ ಯಂತ್ರವಲ್ಲ.

ಎತ್ತರವೆಂಬ ಜಮಾ

ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರ ಗುಡಿಗೆ ಗುಡ್ಡದ ಮೆಟ್ಟಿಲು ಹತ್ತಿಯೇ ಹೋಗಬೇಕು. ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಕಾಲು ತಾನಾಗಿ ಓಡುತ್ತದೆ. ಹತ್ತುವಾಗ ಮೈ ಖರ್ಚು ಮಾಡಿದ ಶಕ್ತಿಯ ಒಂದು ಪಾಲು ಎತ್ತರದ ರೂಪದಲ್ಲಿ ಜಮಾ ಆಗಿರುತ್ತದೆ. ಒಂಬತ್ತನೇ ತರಗತಿಯ ಪಾಠದಲ್ಲಿ ಅದರ ಹೆಸರು ಪ್ರಚ್ಛನ್ನ ಶಕ್ತಿ. ಇಳಿಯುವಾಗ ಅದು ಚಲನ ಶಕ್ತಿಯಾಗಿ ಹೊರಬರುತ್ತದೆ.

ಲೆಕ್ಕ ಸುಲಭ: ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧ. 5 ಗ್ರಾಂ ತೂಗುವ ಗೋಲಿಯನ್ನು 1 ಮೀಟರ್ ಎತ್ತರಕ್ಕೆ ಇಟ್ಟರೆ ಅದರ ಜಮಾ 0.049 ಜೌಲ್. 50 ಕಿಲೋ ತೂಗುವವರು ಮೆಟ್ಟಿಲೇರಿ 10 ಮೀಟರ್ ಎತ್ತರಕ್ಕೆ ಹೋದರೆ ಅವರ ಜಮಾ 4,900 ಜೌಲ್. ಸರಿಯಾಗಿ ಒಂದು ಲಕ್ಷ ಗೋಲಿಗಳನ್ನು 1 ಮೀಟರ್ ಎತ್ತರಕ್ಕೆ ಎತ್ತಿಟ್ಟ ಹಾಗೆ. ಇಷ್ಟು ಚಿಕ್ಕ ಜಮಾ ಇಟ್ಟುಕೊಂಡು ಗೋಲಿ ಇಡೀ ದಾರಿ ಸಾಗಬೇಕು. ಅದಕ್ಕೆ ಎಂಜಿನ್ ಇಲ್ಲ, ನಡುದಾರಿಯಲ್ಲಿ ಸಾಲ ಕೊಡುವವರೂ ಇಲ್ಲ.

ಪಂಚಮಿಯಲ್ಲಿ ಜೋಕಾಲಿ ಆಡಿದವರಿಗೆ ಇದರ ಇನ್ನರ್ಧ ಗೊತ್ತು. ಜೋಕಾಲಿ ಎರಡೂ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ, ನಡುವಿನ ತಗ್ಗಿನಲ್ಲಿ ಅತಿ ವೇಗವಾಗಿ ಹೋಗುತ್ತದೆ. ಎತ್ತರ ವೇಗವಾಗುತ್ತದೆ, ವೇಗ ಮತ್ತೆ ಎತ್ತರವಾಗುತ್ತದೆ. ಜೀಕುವುದನ್ನು ಬಿಟ್ಟರೆ ಪ್ರತಿ ತೂಗಿಗೂ ಎತ್ತರ ತುಸು ಇಳಿಯುತ್ತದೆ, ಹೆಚ್ಚಂತೂ ಆಗುವುದಿಲ್ಲ. ಆದ್ದರಿಂದಲೇ ಕೋಸ್ಟರಿನಲ್ಲಿ ಮುಂದಿನ ಪ್ರತಿ ಗುಡ್ಡವೂ ಮೊದಲನೆಯದಕ್ಕಿಂತ ತಗ್ಗಿರಬೇಕು.

ಉರುಳುವುದಕ್ಕೂ ಒಂದು ಪಾಲು

1 ಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಜಾರಿದ ವಸ್ತು ಕೆಳಗೆ ಬರುವಾಗ ಅದರ ವೇಗ ಸೆಕೆಂಡಿಗೆ 4.4 ಮೀಟರ್. ಅದೇ ಎತ್ತರದಿಂದ ಉರುಳಿಬಂದ ಗೋಲಿಯ ವೇಗ 3.7 ಮೀಟರ್ ಮಾತ್ರ. ಗೋಲಿ ಮುಂದಕ್ಕೆ ಹೋಗುವುದರ ಜೊತೆಗೆ ತನ್ನ ಸುತ್ತಲೂ ತಿರುಗಬೇಕು, ಆ ತಿರುಗಾಟಕ್ಕೂ ಶಕ್ತಿ ಬೇಕು. ಗಟ್ಟಿ ಗೋಳವೊಂದು ಜಾರದೆ ಉರುಳಿದರೆ ಚಲನ ಶಕ್ತಿಯ ಏಳು ಪಾಲಿನಲ್ಲಿ ಎರಡು ಪಾಲು ತಿರುಗಾಟಕ್ಕೆ ಸಲ್ಲುತ್ತದೆ, ಐದು ಪಾಲು ಮುನ್ನಡೆಗೆ. ಗೋಲಿ ದೊಡ್ಡದಿರಲಿ ಸಣ್ಣದಿರಲಿ, ಗಾಜಿನದಿರಲಿ ಉಕ್ಕಿನದಿರಲಿ, ಈ ಪಾಲು ಬದಲಾಗುವುದಿಲ್ಲ. ಏರು ಹತ್ತುವಾಗ ತಿರುಗಾಟದ ಪಾಲು ಕೂಡ ಎತ್ತರವಾಗಿ ಮರಳಿ ಬರುತ್ತದೆ, ಹಾಗಾಗಿ ಅದು ನಷ್ಟವಲ್ಲ.

ಇಳಿಜಾರಿನಲ್ಲಿ ಗುಂಡು ಉರುಳಿಸಿ ಚಲನೆಯ ನಿಯಮ ಹುಡುಕಿದ ಹಿರಿಯ ಗೆಲಿಲಿಯೋ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ತನ್ನ ಸಲಕರಣೆಯನ್ನು ವಿವರಿಸಿದ್ದಾನೆ: ಸುಮಾರು 12 ಮೊಳ ಉದ್ದದ ಮರದ ತೊಲೆ, ಅದರಲ್ಲಿ ಬೆರಳಗಲಕ್ಕಿಂತ ತುಸು ಹೆಚ್ಚಿನ ನೇರ ತೋಡು, ತೋಡಿನ ಒಳಗೆ ಅಂಟಿಸಿದ ನುಣುಪಾದ ಬರೆಯುವ ತೊಗಲು, ಅದರ ಮೇಲೆ ಉರುಳುವ ಕಂಚಿನ ಗುಂಡು. ಕಾಲ ಅಳೆಯಲು ಒಂದು ಪಾತ್ರೆಯಿಂದ ಸಣ್ಣಗೆ ಸುರಿಯುವ ನೀರು. ಸುರಿದ ನೀರನ್ನು ತೂಗಿ, ಸಾಗಿದ ದೂರವು ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂದು ಆತ ತೋರಿಸಿದ. ತೊಗಲಿನ ಜಾಗದಲ್ಲಿ ಕಾಗದ, ಕಂಚಿನ ಜಾಗದಲ್ಲಿ ಗಾಜು ಇಟ್ಟರೆ ಅದು ನಮ್ಮ ಮಕ್ಕಳ ಕೋಸ್ಟರಿನ ಮೊದಲ ಇಳಿಜಾರು.

ಮಡಿಕೆಯ ಬಲ

ಕಾಗದದ ಹಾಳೆಯ ಒಂದು ಅಂಚು ಹಿಡಿದರೆ ಇನ್ನೊಂದು ಅಂಚು ಜೋತುಬೀಳುತ್ತದೆ. ಅದೇ ಹಾಳೆಯ ಎರಡು ಬದಿಯನ್ನು ಮೇಲಕ್ಕೆ ಮಡಿಸಿ ತೊಟ್ಟಿಯಂತೆ ಮಾಡಿದರೆ ಬಾಗದೆ ನಿಲ್ಲುತ್ತದೆ. ಮನೆಯ ಮೇಲಿನ ಪತ್ರಾಸಿಗೆ ಅಲೆ ಕೊಟ್ಟಿರುವುದೂ ಇದಕ್ಕಾಗಿಯೇ. ಬಾಗುವ ದಿಕ್ಕಿನಲ್ಲಿ ವಸ್ತುವಿನ ಎತ್ತರ ಹೆಚ್ಚಿದರೆ ಗಡಸುತನ ಆ ಎತ್ತರದ ಘನದಷ್ಟು ಬೆಳೆಯುತ್ತದೆ. ಎರಡು ಪಟ್ಟು ಎತ್ತರವಾದರೆ ಎಂಟು ಪಟ್ಟು ಗಡಸು.

10 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ನಡುವೆ 4 ಸೆಂ.ಮೀ. ನೆಲ ಬಿಟ್ಟು, ಎರಡೂ ಕಡೆ 3 ಸೆಂ.ಮೀ. ಗೋಡೆ ಎಬ್ಬಿಸಿದರೆ ದಾರಿಯ ಒಂದು ತುಂಡು ಸಿದ್ಧ. ತಿರುವು ಬೇಕಾದಲ್ಲಿ ಒಂದು ಬದಿಯ ಗೋಡೆಯನ್ನೂ ನೆಲವನ್ನೂ 2 ಸೆಂ.ಮೀ.ಗೊಂದರಂತೆ ಸೀಳಿ, ಬಾಗಿಸಿ, ಸೀಳುಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಕಂಬಕ್ಕೆ ಹಾಳೆಯನ್ನು ಚೌಕಾಕಾರದ ಕೊಳವೆಯಾಗಿ ಮಡಿಸಿ, ಕಂಬಗಳ ನಡುವೆ ಓರೆ ಪಟ್ಟಿ ಕೊಟ್ಟು ತ್ರಿಕೋನ ಮಾಡಬೇಕು. ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡುವುದಿಲ್ಲ. ಸಾಮಾನು ಕೊಳ್ಳಲು ಹಣವಿಲ್ಲವೆಂದು ಯಾರೂ ಹಿಂದೆ ಸರಿಯಬೇಕಿಲ್ಲ. ಹಳೆಯ ಲಗ್ನಪತ್ರಿಕೆಯ ಕಾಗದ ದಾರಿಗೆ ಬಹಳ ಚೆನ್ನಾಗಿ ಒದಗುತ್ತದೆ, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯೂ ಆದೀತು. 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಪ್ರಯೋಗ ನಡೆದಾಗ, ಎಂಜಿನಿಯರ್ ಅರವಿಂದ ಗುಪ್ತಾ ಸೈಕಲ್ಲಿನ ವಾಲ್ವ್ ಟ್ಯೂಬು, ಬೆಂಕಿಕಡ್ಡಿಗಳಿಂದಲೇ ರೇಖಾಗಣಿತದ ಆಕೃತಿಗಳನ್ನು ಕಟ್ಟಿ ತೋರಿಸಿದರು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡುವ, ಜೋಳದ ದಂಟಿನಲ್ಲಿ ಬಂಡಿ ಕಟ್ಟುವ ನಮ್ಮ ಮಕ್ಕಳ ಕೈಗೂ ಆ ಹದ ಗೊತ್ತಿದೆ.

ತಿರುವು ಮತ್ತು ಸುತ್ತು

ಗೋಲಿಗೆ ತಿರುಗುವ ಮನಸ್ಸಿಲ್ಲ. ಜಡತ್ವದಿಂದ ಅದು ನೇರವಾಗಿಯೇ ಹೋಗಬಯಸುತ್ತದೆ. ತಿರುವಿನ ನೆಲ ಸಮತಟ್ಟಾಗಿದ್ದರೆ ಹೊರಗಿನ ಗೋಡೆ ಅದನ್ನು ಒಳಕ್ಕೆ ನೂಕಬೇಕು, ಆ ಉಜ್ಜಾಟದಲ್ಲಿ ಶಕ್ತಿ ಸೋರುತ್ತದೆ. ನೆಲವನ್ನೇ ಒಳಕ್ಕೆ ಓರೆ ಮಾಡಿದರೆ ನೂಕುವ ಕೆಲಸವನ್ನು ನೆಲವೇ ಮಾಡುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬರುವ ಗೋಲಿ 10 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಗೋಡೆ ಮುಟ್ಟದೆ ಹೋಗಬೇಕಾದರೆ ನೆಲ ಸುಮಾರು 45 ಡಿಗ್ರಿ ಓರೆಯಾಗಿರಬೇಕು. ತ್ರಿಜ್ಯವನ್ನು 20 ಸೆಂ.ಮೀ.ಗೆ ಹಿಗ್ಗಿಸಿದರೆ 27 ಡಿಗ್ರಿ ಸಾಕು.

ಎಲ್ಲರಿಗೂ ಆಸೆ ಹುಟ್ಟಿಸುವುದು ಗೋಲಿ ತಲೆಕೆಳಗಾಗಿ ಹೋಗುವ ಸುತ್ತು. ಮೇಲ್ತುದಿಯಲ್ಲಿ ಗೋಲಿ ಬೀಳದಿರಬೇಕಾದರೆ ಅಲ್ಲಿ ಅದಕ್ಕೆ ಒಂದು ಕನಿಷ್ಠ ವೇಗ ಇರಲೇಬೇಕು. 10 ಸೆಂ.ಮೀ. ತ್ರಿಜ್ಯದ ಸುತ್ತಿಗೆ ಅದು ಸೆಕೆಂಡಿಗೆ ಸುಮಾರು 1 ಮೀಟರ್. ಹಿಂದಕ್ಕೆ ಲೆಕ್ಕ ಹಾಕಿದರೆ, ಉರುಳುವ ಗೋಲಿಯನ್ನು ಸುತ್ತಿನ ಬುಡದಿಂದ ತ್ರಿಜ್ಯದ 2.7 ಪಟ್ಟು ಎತ್ತರದಲ್ಲಿ ಬಿಡಬೇಕು, ಅಂದರೆ 27 ಸೆಂ.ಮೀ. ಶಕ್ತಿ ಎಲ್ಲೂ ಸೋರದ ಆದರ್ಶ ದಾರಿಯ ಮಾತು ಇದು. ಕಾಗದದ ದಾರಿಯಲ್ಲಿ 40 ಸೆಂ.ಮೀ.ಯಿಂದ ಪ್ರಯೋಗ ಶುರುಮಾಡುವುದು ಒಳ್ಳೆಯದು. ಇನ್ನೊಂದು ಎಚ್ಚರ: ಸುತ್ತಿನ ಬುಡದಲ್ಲಿ ಗೋಲಿ ತನ್ನ ತೂಕದ ಹತ್ತಿರಹತ್ತಿರ ಐದು ಪಟ್ಟು ಬಲದಿಂದ ಕಾಗದವನ್ನು ಒತ್ತುತ್ತದೆ. ಆದ್ದರಿಂದ ಅಂಟು ಬಿಡುವ ಜಾಗ ಸಾಮಾನ್ಯವಾಗಿ ಬುಡವೇ. ನಾವು ಕಾಳಜಿ ವಹಿಸುವುದು ಮಾತ್ರ ಮೇಲ್ತುದಿಗೆ.

ದೊಡ್ಡ ಕೋಸ್ಟರುಗಳನ್ನು ಕಟ್ಟಿದವರೂ ಇದೇ ಪಾಠ ಕಲಿತರು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಓಡಿಸಿದ ಗಾಡಿಯ ವೇಗ ಗಂಟೆಗೆ ಸುಮಾರು 10 ಕಿ.ಮೀ. ಅದೇ ಶತಮಾನದ ಕೊನೆಯಲ್ಲಿ ಕಟ್ಟಿದ ಪೂರ್ಣ ವೃತ್ತಾಕಾರದ ಸುತ್ತುಗಳು ಕುಳಿತವರ ಕತ್ತಿಗೆ ನೋವು ತಂದವು, ಏಕೆಂದರೆ ವೃತ್ತದ ಬುಡ ಮುಟ್ಟಿದೊಡನೆ ಬಲ ಒಮ್ಮೆಲೇ ಏರುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ‘ರೆವಲ್ಯೂಷನ್’ ಕೋಸ್ಟರಿಗೆ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಕಣ್ಣೀರ ಹನಿಯಾಕಾರದ ಸುತ್ತು ಕೊಟ್ಟರು. ಅದರಲ್ಲಿ ಬುಡದ ಬಾಗು ವಿಶಾಲ, ಮೇಲ್ತುದಿಯ ಬಾಗು ಕಿರಿದು. ಕಾಗದದಲ್ಲೂ ಹಾಗೆಯೇ ಮಾಡಿ ನೋಡಿದರೆ ಸುತ್ತಿನ ಬುಡ ಬಾಳಿಕೆ ಬರುತ್ತದೆ.

ಜಮಾ ಎಲ್ಲಿ ಸೋರಿತು?

ರೋಣದ ಸುತ್ತ ಎರೆಭೂಮಿ. ಬೇಸಿಗೆಯ ಗಟ್ಟಿ ದಾರಿಯಲ್ಲಿ ಚಕ್ಕಡಿ ಹಗುರವಾಗಿ ಹೋಗುತ್ತದೆ. ಅದೇ ದಾರಿ ಮಳೆಗೆ ನೆನೆದರೆ ಗಾಲಿ ಹೂತು, ಮಣ್ಣು ಮೆತ್ತಿ, ಎತ್ತುಗಳು ತಿಣುಕುತ್ತವೆ. ಗಾಲಿ ಅದೇ, ಹೊರೆಯೂ ಅದೇ. ಮೆತ್ತನೆಯ ನೆಲವನ್ನು ಅದುಮಿ ಅದುಮಿ ಮುಂದೆ ಹೋಗಲು ಶಕ್ತಿ ಖರ್ಚಾಗುತ್ತದೆ. ತೆಳುವಾದ ಕಾಗದದ ದಾರಿ ಗೋಲಿಯ ಪಾಲಿಗೆ ಹಸಿ ಎರೆಯಂತೆ. ಗೋಲಿ ಹೋಗುವಾಗ ದಾರಿಯ ಮೇಲೆ ಬೆರಳಿಟ್ಟು ನೋಡಿ, ಕಂಪನ ಗೊತ್ತಾಗುತ್ತದೆ. ಗೋಪುರ ಅಲುಗಾಡಿದರೆ, ಕಾಗದ ಸದ್ದು ಮಾಡಿದರೆ, ಅದು ಗೋಲಿಯ ಜಮಾದಿಂದಲೇ ಹೋದ ಖರ್ಚು. ಬೆಣ್ಣೆಯಂಥ ನುಣುಪು ಕಾಗದ ಹುಡುಕುವುದಕ್ಕಿಂತ ಕಂಬ ಬಿಗಿ ಮಾಡುವುದರಿಂದ ಹೆಚ್ಚು ಉಳಿತಾಯವಾಗುವುದುಂಟು. ಚಕ್ಕಡಿಗೆ ಕೀಲೆಣ್ಣೆ ಎಷ್ಟು ಮುಖ್ಯವೋ ಗಟ್ಟಿ ದಾರಿಯೂ ಅಷ್ಟೇ ಮುಖ್ಯ.

ಯಾವ ತುಂಡಿನಲ್ಲಿ ಎಷ್ಟು ಸೋರಿತು ಎಂದು ಅಳೆಯಲು ಬೆಲೆಬಾಳುವ ಉಪಕರಣ ಬೇಡ. ಸಣ್ಣ ಏರು ಇರುವ ಒಂದು ಕಾಗದದ ಪಟ್ಟಿ ಮಾಡಿ, ಅದರ ಮೇಲೆ ನೆಲದಿಂದ ಎತ್ತರವನ್ನು ಸೆಂಟಿಮೀಟರುಗಳಲ್ಲಿ ಬರೆದಿಡಿ. ಪರೀಕ್ಷಿಸಬೇಕಾದ ತುಂಡಿನ ಕೊನೆಗೆ ಅದನ್ನು ಜೋಡಿಸಿ, ಗೋಲಿ ಬಿಡಿ. ಎಷ್ಟು ಎತ್ತರ ಏರುತ್ತದೋ ಗುರುತು ಹಾಕಿ. ಬಿಟ್ಟ ಎತ್ತರದಲ್ಲಿ ಏರಿದ ಎತ್ತರ ಕಳೆದರೆ ಉಳಿಯುವುದೇ ಆ ತುಂಡಿನ ಖರ್ಚು. ತಿರುಗಾಟದ ಪಾಲೂ ಏರಿನಲ್ಲಿ ಮರಳಿ ಬಂದಿರುವುದರಿಂದ ಬೇರೆ ಸೂತ್ರ ಬೇಕಿಲ್ಲ. ಹತ್ತು ಸಲ ಬಿಟ್ಟು ಸರಾಸರಿ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಓರೆ ಬದಲಿಸಿದ ದಿನ ಕಾಗದ ಬದಲಿಸಬೇಡಿ.

ಇಡೀ ಕೋಸ್ಟರಿನ ಒಟ್ಟು ಲೆಕ್ಕಕ್ಕೆ ಇನ್ನೊಂದು ದಾರಿ ಇದೆ. ಕೊನೆಯ ತುಂಡನ್ನು ಮೇಜಿನ ಅಂಚಿಗೆ ಸಮತಟ್ಟಾಗಿ ತಂದು ಗೋಲಿ ನೆಲಕ್ಕೆ ಹಾರುವಂತೆ ಮಾಡಿ, ಬೀಳುವ ಕಡೆ ಎರೆಮಣ್ಣಿನ ಹುಡಿ ಹರಡಿ. ಮೇಜು 75 ಸೆಂ.ಮೀ. ಎತ್ತರವಿದ್ದರೆ ಬೀಳಲು ಹಿಡಿಯುವ ಕಾಲ 0.39 ಸೆಕೆಂಡ್. ಉದಾಹರಣೆಗೆ, ಹುಡಿಯಲ್ಲಿ ಗುಳಿ ಬಿದ್ದದ್ದು ಮೇಜಿನಂಚಿನಿಂದ 78 ಸೆಂ.ಮೀ. ದೂರದಲ್ಲಿ ಎಂದಾದರೆ ಗೋಲಿಯ ವೇಗ ಸೆಕೆಂಡಿಗೆ 2 ಮೀಟರ್. ತಿರುಗಾಟದ ಪಾಲನ್ನೂ ಸೇರಿಸಿದರೆ ಅದು 29 ಸೆಂ.ಮೀ. ಎತ್ತರಕ್ಕೆ ಸಮ. ಗೋಲಿಯನ್ನು ಮೇಜಿನ ಮೇಲೆ 60 ಸೆಂ.ಮೀ. ಎತ್ತರದಿಂದ ಬಿಟ್ಟಿದ್ದರೆ ದಾರಿಯುದ್ದಕ್ಕೂ ಖರ್ಚಾದದ್ದು 31 ಸೆಂ.ಮೀ. ತುಂಡು ತುಂಡಾಗಿ ಬರೆದ ಖರ್ಚುಗಳನ್ನು ಕೂಡಿಸಿ ಇದರ ಪಕ್ಕದಲ್ಲಿಡಿ. ಎರಡೂ ಹತ್ತಿರ ಬಂದರೆ ನಿಮ್ಮ ಜಮಾಖರ್ಚಿನ ವಹಿ ಸರಿಯಾಗಿದೆ. ಬಹಳ ದೂರವಿದ್ದರೆ ಎಲ್ಲೋ ಒಂದು ಸೋರಿಕೆ ಇನ್ನೂ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಹುಡುಕಿ.

ಕಾಲುವೆಯ ಪಾಠ

ಇದೇ ಗೋಪುರದಲ್ಲಿ ಇನ್ನೊಂದು ಪಂದ್ಯ ಇಡಬಹುದು: ನಿಲ್ಲದೆ, ಅತಿ ಹೆಚ್ಚು ಹೊತ್ತು ಓಡುವ ಗೋಲಿ ಯಾರದು? ನೇರವಾಗಿ ಬಿಟ್ಟರೆ 1 ಮೀಟರ್ ಎತ್ತರ 0.45 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದೇ 1 ಮೀಟರನ್ನು ಅರ್ಧ ನಿಮಿಷಕ್ಕೆ ಹಂಚಬೇಕು. ಇಳಿಜಾರು ಹೆಚ್ಚಾದರೆ ಗೋಲಿ ಬೇಗ ಓಡಿ ಮುಗಿಸುತ್ತದೆ. ಕಡಿಮೆಯಾದರೆ ನಡುವೆಯೇ ನಿಲ್ಲುತ್ತದೆ. ಘರ್ಷಣೆ ಕಸಿದುಕೊಳ್ಳುವಷ್ಟನ್ನು ಮಾತ್ರ ಇಳಿಜಾರು ಕೊಡುತ್ತಿದ್ದರೆ ಗೋಲಿ ಒಂದೇ ವೇಗದಲ್ಲಿ ಸಾಗುತ್ತದೆ.

ಸವದತ್ತಿ ಬಳಿಯ ನವಿಲುತೀರ್ಥದಿಂದ ನರಗುಂದ, ರೋಣದ ಕಡೆಗೆ ಬರುವ ಮಲಪ್ರಭೆಯ ಕಾಲುವೆಯನ್ನು ಹೀಗೆಯೇ ಕಟ್ಟಿದ್ದಾರೆ. ನೀರನ್ನು ಮುಂದೆ ತರುವುದು ಇಳಿಜಾರೊಂದೇ. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಅದು, ಆದರೂ ನೀರು ತಳಕ್ಕೂ ದಂಡೆಗೂ ಉಜ್ಜಿ ಕಳೆದುಕೊಳ್ಳುವುದನ್ನು ತುಂಬಿಕೊಡುತ್ತದೆ. ಮೊದಲಲ್ಲೇ ಎತ್ತರ ಮುಗಿಸಿಬಿಟ್ಟರೆ ಮುಂದಿನ ಹೊಲಗಳಿಗೆ ಹರಿಯಲು ಇಳಿಜಾರೇ ಉಳಿಯುವುದಿಲ್ಲ. ಕೊನೆಯ ಹೊಲಕ್ಕೆ ನೀರು ಮುಟ್ಟುತ್ತದೆಯೇ ಎನ್ನುವುದು ಈ ಸೀಮೆಯಲ್ಲಿ ಬದುಕಿನ ಪ್ರಶ್ನೆ. ಅಂಥ ಮನೆಯಿಂದ ಬಂದ ಮಗುವಿಗೆ ಗೋಲಿ ಏಕೆ ನಿಂತಿತು ಎಂಬ ಪ್ರಶ್ನೆಯ ತೂಕ ತಾನಾಗಿ ಅರ್ಥವಾಗುತ್ತದೆ.

ವಸ್ತುಪ್ರದರ್ಶನದ ದಿನ ಕೋಸ್ಟರಿನ ಪಕ್ಕದಲ್ಲಿ ಆ ಗೆರೆ ಹಾಕಿದ ಪಟ್ಟಿಯನ್ನೂ ಖರ್ಚು ಬರೆದ ಹಾಳೆಯನ್ನೂ ಇಡಿ. ಮೊದಲ ತಿರುವಿಗೆ ಇಷ್ಟು, ಸುತ್ತಿಗೆ ಇಷ್ಟು, ಕಂಬಕ್ಕೆ ಓರೆ ಪಟ್ಟಿ ಕೊಟ್ಟ ಮೇಲೆ ಉಳಿದದ್ದು ಇಷ್ಟು ಎಂದು ಬರೆದಿರಲಿ. ಕೆಟ್ಟುಹೋದ ತುಂಡುಗಳನ್ನೂ ಬಿಸಾಡದೆ ಜೊತೆಗಿಡಿ. ನೋಡಲು ಬಂದವರ ಎದುರಿಗೇ ಗೋಲಿ ನಡುವೆ ನಿಂತರೆ ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಪೆನ್ಸಿಲನ್ನು ಅವರ ಕೈಗೇ ಕೊಟ್ಟು, ಗೋಲಿ ಏರಿದ ಎತ್ತರಕ್ಕೆ ಅವರಿಂದಲೇ ಒಂದು ಗೆರೆ ಹಾಕಿಸಿ.